ಭಾವನ ಐಸ್ ಪ್ಲಾಂಟೂ ನನ್ನ ಕಂಪ್ಯೂಟರಿನ ವೋಲ್ಟೇಜೂ

ಕಾಸರಕೋಡದ ನಮ್ಮ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವ ನಾನು. ಕೋಪ ಮೂಗಿನ ತುದಿಯಲ್ಲೇ. ಅಕ್ಕನ ಮಗಳ ಮದುವೆ ವಿಡಿಯೋ ಬೇಗ ಮುಗಿಯಲೆಂದು ಭಟ್ಕಳದಿಂದ ಕಂಪ್ಯೂಟರಿನ ಮೆಮೊರಿಗೆಂದು ಹೊಸ, ವೇಗದ ರ‍್ಯಾಮ್ ತಂದು ಹಾಕಿದೆ. ಶುರುವಾಯಿತು ನೋಡಿ ಗ್ರಹಚಾರ. ಭಾವ ಮಗಳನ್ನು ಧಾರೆ ಎರೆಯಲು ಕೈ ಚಾಚುತ್ತಾರೆ, ಪರದೆ ನೀಲಿಯಾಗಿ ಕಂಪ್ಯೂಟರ್ ನಿಲ್ಲುತ್ತದೆ. ಮತ್ತೆ ಆನ್ ಮಾಡಿದರೆ ಮತ್ತೆ ಅಲ್ಲೇ. ಪಾಪ, ಹುಡುಗಿ ಒಂದೇ ವಾರದಲ್ಲಿ ಹತ್ತು ಸಲ ಮದುವೆಯಾಗದೆ ಉಳಿದಳು.

ನಮ್ಮೂರಲ್ಲಿ ಕರೆಂಟಿನ ಯಾವ ಕಾಯಿಲೆಗೂ ಕಾರಣ ಒಂದೇ, ಐಸ್ ಪ್ಲಾಂಟ್. ಮೀನಿನ ಬೋಟು ಬಂದ ದಿನ ಅಲ್ಲಿಯ ಮಷಿನ್ ಶುರುವಾದರೆ ನಮ್ಮ ಫ್ಯಾನು ತೆವಳುತ್ತದೆ. ಅದನ್ನು ನಡೆಸುವವರು ನನ್ನ ಭಾವನೇ. ಹೋದೆ, ಐಸಿಗೆ ನಿಂತ ಬೋಟಿನವರ ಎದುರೇ ಹಾರಾಡಿದೆ. ನಿಮ್ಮ ಮಷಿನ್ ನಿಮ್ಮ ಮಗಳ ಮದುವೆಯನ್ನೇ ನುಂಗುತ್ತಿದೆ ಎಂದೆ. ಅಂದಿನಿಂದ ನಮ್ಮಿಬ್ಬರ ಮಾತೂ ಬಂದ್.

ಸ್ಟೆಬಿಲೈಸರ್ ತಂದೆ. ಆದರೂ ನೀಲಿ. ಕೊನೆಗೆ ಕಂಪ್ಯೂಟರಿನ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಮಟೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಅಕ್ಕೋರು ಸೆಟ್ಟಿಂಗ್ ತೆರೆದು, ಪ್ರೊಸೆಸರಿನ ವೋಲ್ಟೇಜ್ ಇಳಿಸಿದ್ದು ಯಾರು ಎಂದು ಕೇಳಿದರು. ನಾನೇ. ಬೇಸಿಗೆಯಲ್ಲಿ ಡಬ್ಬಿ ಕಾಯುತ್ತದೆಂದು ಯಾವುದೋ ವಿಡಿಯೋ ನೋಡಿ ಇಳಿಸಿದ್ದೆ, ದೊಡ್ಡ ಸಾಧನೆ ಎಂದು ಬೀಗಿಯೂ ಇದ್ದೆ. ರ‍್ಯಾಮಿಗೆ ಮದರ್‌ಬೋರ್ಡ್ ಬೇಕಾದಷ್ಟು ವೋಲ್ಟೇಜ್ ಕೊಡುತ್ತಿದೆ, ಆದರೆ ಪ್ರೊಸೆಸರಿನೊಳಗೆ ರ‍್ಯಾಮನ್ನು ನೋಡಿಕೊಳ್ಳುವ ಭಾಗವನ್ನು ನೀವು ಉಪವಾಸ ಕೆಡವಿದ್ದೀರಿ, ಹಳೆಯ ನಿಧಾನದ ರ‍್ಯಾಮಿಗೆ ಹೇಗೋ ನಡೆದಿತ್ತು, ಈ ವೇಗದ್ದಕ್ಕೆ ಅದರ ತಲೆ ತಿರುಗುತ್ತಿದೆ ಎಂದರು. ಒಂದಿಷ್ಟು ಏರಿಸಿ ಮೆಮೊರಿ ಟೆಸ್ಟ್ ಹಾಕಿದರು. ನಾನು ಎರಡು ಚಾ ಕುಡಿದರೂ ಒಂದು ತಪ್ಪೂ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಥೆಯೂ ಅದೇ.

ಮರುದಿನ ವಿಡಿಯೋ ಮುಗಿಸಿ, ನಿಜ ಹೇಳಿಬರಲು ಪ್ಲಾಂಟಿಗೆ ಹೋದೆ. ಮಧ್ಯಾಹ್ನದ ಹೊತ್ತು. ಎರಡು ಮಷಿನಿನಲ್ಲಿ ಒಂದು ನಿಂತಿತ್ತು. ಕೆಟ್ಟಿತಾ ಎಂದು ಬುತ್ತಿ ತಂದಿದ್ದ ಅಕ್ಕನನ್ನು ಕೇಳಿದೆ. ಅಕ್ಕ ದುರುಗುಟ್ಟಿದಳು. ನಾನು ಹಾರಾಡಿದ ಮಾರನೇ ದಿನದಿಂದ ಊಟದ ಹೊತ್ತಿಗೆ ಒಂದನ್ನು ನಿಲ್ಲಿಸಿ ಸಂಜೆಗೆ ಶುರು ಮಾಡುತ್ತಿದ್ದರಂತೆ ಭಾವ, ನನ್ನ ಕೆಲಸ ಸಾಗಲಿ ಎಂದು. ಐಸ್ ಗಟ್ಟಿಯಿಲ್ಲ ಎಂದು ಬೋಟಿನವರು ದಿನಾ ಬೈದರೂ ಕಾರಣ ಹೇಳಿರಲಿಲ್ಲವಂತೆ.

ಭಾವ ಕೈ ಒರೆಸುತ್ತ ಬಂದರು. "ಧಾರೆ ಆತಾ?"

"ಆತು ಭಾವ. ತಪ್ಪು ನಂದೇ. ನಿಮ್ಮ ಮಷಿನಿಂದು ಎಂತದೂ ಇರಲಿಲ್ಲ."

ಭಾವ ನನ್ನ ಮೊಣಕೈ ಹಿಡಿದು ಐಸಿಗೆ ನಿಂತವರ ಎದುರು ಒಯ್ದರು.

"ಅದ್ನ ಇವರಿಗೆ ಹೇಳು."

ಹೇಳಿದೆ. ರ‍್ಯಾಮು, ಪ್ರೊಸೆಸರು, ನನ್ನ ಬುದ್ಧಿವಂತಿಕೆ, ಒಂದನ್ನೂ ಬಿಡದೆ ಹೇಳಿದೆ. ಒಬ್ಬರೂ ನಗಲಿಲ್ಲ. ಭಾವ ಒಳಗೆ ಹೋಗಿ ನಿಂತಿದ್ದ ಮಷಿನ್ ಶುರು ಮಾಡಿದರು.