ಅಣ್ಣ ಹಿಂದಕ್ಕೆ ಹೋದ ಫೋಟೋ

ನಮ್ಮ ಶಾಲೆಯ ಹೆಡ್‌ಮಾಸ್ಟರಿಗೆ ಆಗಾಗ ಏನಾದರೊಂದು ಹುಕಿ ಬರುತ್ತದೆ. ಹೋದ ವರ್ಷ ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಮಕ್ಕಳ ಕೈಲಿ ಚಾರ್ಟು ಬರೆಸಿದರೆ ಸಾಲದು, ಟೀಚರುಗಳೂ ಒಂದೊಂದು ಫೋಟೋ ತೆಗೆದು ತರಬೇಕು ಎಂದರು. ನನ್ನ ಪಾಲಿಗೆ ಬಂದ ವಿಷಯ ‘ಸೌಜನ್ಯದ ಚಾಲನೆ’. ಹೆಲ್ಮೆಟ್ಟೋ ಸೀಟ್‌ಬೆಲ್ಟೋ ಸಿಕ್ಕಿದ್ದರೆ ಐದು ನಿಮಿಷದ ಕೆಲಸ. ಸೌಜನ್ಯವನ್ನು ಎಲ್ಲಿಂದ ತರಲಿ?

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಮುಂದೆ ಫೋನು ಹಿಡಿದುಕೊಂಡು ಎರಡು ಸಂಜೆ ನಿಂತೆ. ಒಬ್ಬರಾದರೂ ಇನ್ನೊಬ್ಬರಿಗೆ ದಾರಿ ಬಿಡಬೇಕಲ್ಲ! ಬೈಕಿನವನು ಆಟೋ ಸಂದಿಗೆ ನುಗ್ಗುತ್ತಾನೆ, ಆಟೋದವನು ಬಸ್ಸಿನ ಸಂದಿಗೆ ನುಗ್ಗುತ್ತಾನೆ, ಬಸ್ಸಿನವನು ಹಾರ್ನಿನ ಮೇಲಿಟ್ಟ ಕೈ ತೆಗೆಯುವುದೇ ಇಲ್ಲ. ಕೊನೆಗೆ ಒಬ್ಬ ಆಟೋದವನು ಅಜ್ಜಿಯೊಬ್ಬರಿಗೆ ದಾರಿ ಬಿಟ್ಟು, ನನ್ನ ಕಡೆ ತಿರುಗಿ ಹಲ್ಲು ಕಿಸಿದು, “ಫೋಟೋ ಬಂತಾ ಮೇಡಂ?” ಎಂದ. ಆ ಫೋಟೋವನ್ನು ಅಲ್ಲೇ ಅಳಿಸಿ ಹಾಕಿದೆ. ಆವತ್ತೇ ಈ ಕೆಲಸವನ್ನು ಕೈಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ತವರು ಕೋಲಾರದ ಬೆಟ್ಟದ ಮೇಲೆ. ಅಲ್ಲಿ ನನಗೊಬ್ಬ ಅಣ್ಣ, ಒಬ್ಬ ತಮ್ಮ. ಮಧ್ಯದಲ್ಲಿ ಹುಟ್ಟಿದವಳು ನಾನು. ಅಪ್ಪ ಹೋದ ಮೇಲೆ ಜಮೀನು, ಬಾವಿ ಪಾಲಾಗುವಾಗ, ಪಂಚಾಯ್ತಿಗೆ ಕೂತ ಹಿರಿಯರ ಮುಂದೆಯೇ ತಮ್ಮ, “ಅಪ್ಪನ್ನ ನೀನೊಬ್ನೇ ನೋಡ್ಕೊಂಡಂಗೆ ಆಡ್ಬೇಡ” ಅಂದುಬಿಟ್ಟ. ಅಪ್ಪನ ಕೊನೆಗಾಲದಲ್ಲಿ ಮೈ ಒರೆಸಿ ಬಟ್ಟೆ ಬದಲಾಯಿಸಿದ್ದವನು ಅಣ್ಣ. ಅವನು ಎದ್ದು ಹೋದ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಪಕ್ಕಪಕ್ಕದ ಮನೆ, ಒಂದೇ ಗೋಡೆ. ನಾನು ಹೋದರೆ ಮಧ್ಯಾಹ್ನ ಒಂದು ಮನೆಯಲ್ಲಿ ಮುದ್ದೆ, ಸಂಜೆ ಇನ್ನೊಂದು ಮನೆಯಲ್ಲಿ ಮುದ್ದೆ. ಇಬ್ಬರೂ ಒಂದು ಸಲ ಎದುರುಬದುರು ಕೂತು ಮಾತಾಡಿದರೆ ಸಾಕು, ನನಗೆ ತವರಿನಿಂದ ಬೇರೇನೂ ಬೇಡ ಎಂದು ಎಷ್ಟು ಸಲ ಅತ್ತಿದ್ದೇನೋ.

ಅಣ್ಣ ಹಳೇ ಜೀಪಿನಲ್ಲಿ ಕೋಲಾರದ ಹೋಟೆಲುಗಳಿಗೆ ಹಾಲು ಹಾಕುತ್ತಾನೆ. ಬೆಳಿಗ್ಗೆ ಹಾಲು ಕೊಟ್ಟು ಖಾಲಿ ಕ್ಯಾನುಗಳೊಂದಿಗೆ ಅವನು ಬೆಟ್ಟ ಹತ್ತುವ ಹೊತ್ತಿಗೆ, ಟೆಂಪೋ ತುಂಬಾ ಟೊಮ್ಯಾಟೊ ಹೇರಿಕೊಂಡು ತಮ್ಮ ಮಂಡಿಗೆ ಇಳಿಯುತ್ತಾನೆ. ದಾರಿಯೋ, ಒಂದು ಗಾಡಿಗೆ ಹೆಚ್ಚು, ಎರಡು ಗಾಡಿಗೆ ಕಮ್ಮಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ಎತ್ತಿನಗಾಡಿ ಕಾಲದಿಂದ ಬಂದ ಕಟ್ಟಳೆ. ಏರಿನಲ್ಲಿ ಎತ್ತು ನಿಲ್ಲಿಸಿದರೆ ಮತ್ತೆ ಎಳೆಯುವುದು ಕಷ್ಟ, ಅದಕ್ಕೆ.

ಒಂದು ಸೋಮವಾರ ಬೆಳಿಗ್ಗೆ ಊರಿಂದ ವಾಪಸ್ ಹೊರಟಿದ್ದೆ. ಕೋಲಾರದಲ್ಲಿ ಬಸ್ಸು ಹಿಡಿಯಬೇಕು ಅಂತ ತಮ್ಮನ ಟೆಂಪೋದಲ್ಲಿ ಕೂತಿದ್ದೆ. ದೊಡ್ಡ ತಿರುವಿನಲ್ಲಿ ಎದುರಿಗೆ ಅಣ್ಣನ ಜೀಪು ಬಂತು. ಕಟ್ಟಳೆಯ ಪ್ರಕಾರ ತಮ್ಮ ಹಿಂದಕ್ಕೆ ಹೋಗಬೇಕು. ಆದರೆ ಅಷ್ಟು ಲೋಡು ಇಟ್ಟುಕೊಂಡು ಏರಿನಲ್ಲಿ ಹಿಂದಕ್ಕೆ ಹೋಗುವುದು ಹುಡುಗಾಟವಲ್ಲ. ತಮ್ಮ ಇನ್ನೂ ಗೇರಿಗೆ ಕೈ ಹಾಕಿರಲಿಲ್ಲ, ಅಷ್ಟರಲ್ಲಿ ಅಣ್ಣನೇ ರಿವರ್ಸ್ ಹಾಕಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ದಾರಿಯ ಅಂಚು ನೋಡಿಕೊಳ್ಳುತ್ತಾ, ಕೆಳಗಿನ ಅಗಲದ ಜಾಗದವರೆಗೆ ಮೆಲ್ಲಗೆ ಇಳಿದು ಬಂಡೆಗೆ ಒತ್ತಿಕೊಂಡು ನಿಂತ.

“ಇದೇನೋ ಇದು?” ಅಂದೆ.

“ಲೋಡ್ ಜಾಸ್ತಿ ಇದ್ರೆ ದಿನಾ ಹಿಂಗೇ ಅಕ್ಕ. ಅವನೇ ಹೋಗ್ತಾನೆ. ಲೋಡ್ ಕಮ್ಮಿ ಇದ್ದ ದಿನ ನಾನು ಹೋಗ್ತೀನಿ” ಅಂದ ತಮ್ಮ, ಏನೂ ಆಗದವನಂತೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. “ನಿಲ್ಸೋ” ಎಂದು ಕೆಳಗಿಳಿದೆ. ಟೆಂಪೋ ಮುಂದೆ ಸಾಗಿ ಜೀಪಿನ ಪಕ್ಕ ಬಂದಾಗ ತಮ್ಮ ಸ್ಟೀರಿಂಗಿನಿಂದ ಕೈ ಎತ್ತಿದ. ಅಣ್ಣ ಮುಖ ತಿರುಗಿಸದೆ ಗದ್ದ ಒಂಚೂರು ಆಡಿಸಿದ. ಎರಡು ಗಾಡಿಗಳ ನಡುವೆ ಅಂಗೈ ಅಗಲ ಜಾಗ. ಅದನ್ನೂ ಎರಡು ಮೂರು ಫೋಟೋ ಹೊಡೆದೆ. ಅದಕ್ಕೂ ಮುಂಚೆ, ಅಣ್ಣ ತಲೆ ಹೊರಗೆ ಹಾಕಿ ಹಿಂದಕ್ಕೆ ಹೋಗುತ್ತಿದ್ದಾಗಲೇ, ಕಿಟಕಿಯಿಂದ ಕೈ ಚಾಚಿ ಒಂದು ಫೋಟೋ ಹೊಡೆದಿದ್ದೆ. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು.

ಶಾಲೆಯಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಟಿಸಿದೆವು. ಹೆಡ್‌ಮಾಸ್ಟರು ಅದರ ಮುಂದೆ ಭಾಷಣವನ್ನೇ ಮಾಡಿಬಿಟ್ಟರು. ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ, ‘ತಮ್ಮನಿಗೆ ದಾರಿ ಬಿಟ್ಟ ಅಣ್ಣ. ಅಣ್ಣ ಅಂದರೆ ಹೀಗಿರಬೇಕು’ ಎಂದು ಬರೆದೆ. ಹತ್ತು ಜನ ಹೊಗಳಿದರೆ ಇಬ್ಬರ ಮನಸ್ಸೂ ಕರಗುತ್ತದೆ, ಯುಗಾದಿಗೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಬಹುದು ಎಂಬ ಲೆಕ್ಕಾಚಾರ ನನ್ನದು. ಗಣಪತಿ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು.

ಮೊದಲು ಕೈ ಮುಗಿಯುವ ಚಿತ್ರಗಳು ಬಂದವು. ಆಮೇಲೆ ಅತ್ತಿಗೆಯ ತಮ್ಮ, ಮುಳಬಾಗಿಲಿನ ಕಡೆಯವನು, ತೆಲುಗಿನಲ್ಲೇ ಬರೆದ: “ಅನ್ನ ವೆನಕ್ಕಿ ಪೋಯಾಡು, ತಮ್ಮುಡು ಗೆಲಿಚಾಡು.” ಅಣ್ಣ ಹಿಂದಕ್ಕೆ ಹೋದ, ತಮ್ಮ ಗೆದ್ದ ಅಂತ. ಅದರ ಕೆಳಗೆ ನಗುವ ಮುಖಗಳ ಸಾಲು. ಇನ್ನೊಬ್ಬ, ‘ಬಾವಿ ಪಾಲಲ್ಲೂ ಹಿಂಗೇ ರಿವರ್ಸ್ ಹೊಡೀತಾರಾ?’ ಎಂದು ಕೇಳಿದ. ಮೈಯೆಲ್ಲಾ ಉರಿದುಹೋಯಿತು. ಎಲ್ಲರಿಗೂ ಬೈದು ಫೋಟೋ ತೆಗೆದುಹಾಕಿದೆ. ಅಷ್ಟರಲ್ಲಿ ಅದು ಬೆಟ್ಟದ ಮೇಲಿನ ಟೀ ಅಂಗಡಿ ಮುಟ್ಟಿಯಾಗಿತ್ತು. ಅಣ್ಣ ಅಲ್ಲಿಗೆ ಹೋದರೆ, “ಬಾರಣ್ಣ, ಮುಂದಕ್ಕೇ ಬಾ” ಎನ್ನುತ್ತಿದ್ದರಂತೆ. ಥೂ, ಅವರ ನಾಲಿಗೆಗಿಷ್ಟು!

ಮುಂದಿನ ಸಲ ಊರಿಗೆ ಹೋಗಿ ತಮ್ಮನ ಟೆಂಪೋದಲ್ಲಿ ವಾಪಸ್ ಇಳಿಯುವಾಗ ಮತ್ತೆ ಅದೇ ತಿರುವಿನಲ್ಲಿ ಜೀಪು ಸಿಕ್ಕಿತು. ಈ ಸಲ ಅಣ್ಣ ದಾರಿಯ ಮಧ್ಯಕ್ಕೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೈಕಟ್ಟಿ ಕೂತ. ನನ್ನನ್ನು ನೋಡಿಯೂ ನೋಡದ ಹಾಗಿದ್ದ. ತಮ್ಮ ಒಂದು ಗಳಿಗೆ ಕಾದ. ಆಮೇಲೆ ಲೋಡ್ ಗಾಡಿಯನ್ನು ಏರಿನಲ್ಲಿ ಹಿಂದಕ್ಕೆ ತೆಗೆದುಕೊಂಡು ಹೋದ. ಕ್ಲಚ್ಚು ಸುಟ್ಟ ವಾಸನೆ, ಹಿಂದೆ ಕ್ರೇಟುಗಳು ಉರುಳಿದ ಸದ್ದು.

“ಅವನಿಗೆ ಎಷ್ಟು ಕೊಬ್ಬು ನೋಡು!” ಎಂದೆ.

“ಏನೂ ಅನ್ಬೇಡಕ್ಕ. ಏರೋ ಗಾಡಿಗೆ ನಾನೇ ತಾನೆ ದಾರಿ ಬಿಡ್ಬೇಕು? ಅಣ್ಣಂದೇನೂ ತಪ್ಪಿಲ್ಲ” ಅಂದ. ಜೀಪು ಪಕ್ಕದಲ್ಲಿ ದಾಟುವಾಗ ತಮ್ಮ ಕೈ ಎತ್ತಿದ. ಆ ಕಡೆಯಿಂದ ಏನೂ ಬರಲಿಲ್ಲ.

ಆ ವಾರದಿಂದ ಅಣ್ಣ ಹೊತ್ತು ಬದಲಾಯಿಸಿಕೊಂಡ. ಕತ್ತಲಿರುವಾಗಲೇ ಇಳಿದು, ತಮ್ಮ ಟೆಂಪೋಗೆ ಕ್ರೇಟು ಏರಿಸುವ ಮುಂಚೆ ವಾಪಸ್ ಬಂದುಬಿಡುತ್ತಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ನಾನು ಆ ಶನಿವಾರವೇ ಬಸ್ಸು ಹತ್ತಿ ಹೋದೆ. ಅಣ್ಣ ಕೊಟ್ಟಿಗೆಯಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದ.

“ಮೊದಲಿನ ಹೊತ್ತಿಗೇ ಹೋಗಣ್ಣ. ಆಡ್ಕೊಳ್ಳೋರು ಆಡ್ಕೊಳ್ಳಲಿ. ನೀವಿಬ್ರೂ ಮಾತಾಡೋ ಹಾಗಾಗಲಿ ಅಂತ ತಾನೆ ನಾನು ಹಾಕಿದ್ದು” ಎಂದೆ.

ಅಣ್ಣ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. “ದಿನಾ ಬೆಳಿಗ್ಗೆ ಮಾತಾಡ್ತಾನೇ ಇದ್ವಲ್ಲೇ” ಅಂದ. “ನಮ್ಮಿಬ್ರಿಗೆ ಕೇಳಿಸೋ ಅಷ್ಟು. ನೀನು ಊರಿಗೆಲ್ಲ ಕೇಳಿಸ್ದೆ.”

ಅವನು ಬೈದಿದ್ದರೆ ವಾಪಸ್ ಬೈದು ಅತ್ತು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಅತ್ತಿಗೆಗೆ ಕಾಫಿ ಕೊಡಲು ಹೇಳಿ, ಹಸುವಿನ ಮುಂದೆ ಬಕೆಟ್ಟಿಟ್ಟು ಒಳಗೆ ಹೋದ.

ಸೋಮವಾರ ತಮ್ಮನ ಜೊತೆ ಇಳಿದೆ. ಬೆಟ್ಟದ ಬುಡದವರೆಗೂ ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಎಲ್ಲೂ ನಿಲ್ಲಿಸುವ ಕೆಲಸವೇ ಬೀಳದೆ ಕೋಲಾರ ಬೇಗ ಬಂತು. “ಇವತ್ತು ಬೇಗ ಬಂದ್ವಿ” ಎಂದೆ, ಬೇರೇನೂ ತೋಚದೆ. ತಮ್ಮ ಎಂಜಿನ್ ಆಫ್ ಮಾಡಿದ. ಆಮೇಲೆ, “ಅಣ್ಣ ಹುಷಾರಾಗಿದ್ದಾನಾ ಅಕ್ಕ?” ಎಂದು ಕೇಳಿದ.

ದಿನಾ ಬೆಳಿಗ್ಗೆ ಅಂಗೈ ಅಗಲದಿಂದ ಅವನನ್ನು ನೋಡುತ್ತಿದ್ದವನು, ಈಗ ನನ್ನನ್ನು ಕೇಳಬೇಕಾಯಿತು.