ಹಿಮನದಿಯ ಮೂಲೆಯಲ್ಲಿ ನಿಂತವನು

ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡುವ ಐರೋಳಿಯ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿ ಆಗಿನ್ನೂ ತಿಂಗಳಾಗಿರಲಿಲ್ಲ. ಒಂದು ದಿನ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ಬಂತು. ಮೊದಲನೆಯದನ್ನು ಬೆಳಕಿಗೆ ಹಿಡಿದರೆ ಕಪ್ಪಗೆ ಹರಡಿದ್ದೇನೋ ಕಂಡಿತು. ದಿನಾ ರೈಲಿನಿಂದ ನೋಡುವ ಮುಂಬ್ರಾ ಖಾಡಿಯ, ಸಮುದ್ರದ ಹಿನ್ನೀರಿನ, ಕೆಸರೆಂದುಕೊಂಡೆ. ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪನ್ನು ಅದಲುಬದಲು ಮಾಡಿದಾಗ ಕಪ್ಪೆಲ್ಲ ಬೆಳ್ಳಗಾಗಿ, ಹಿಮಾಲಯದ ಹಿಮನದಿ ಎದ್ದು ಬಂತು. ಮೂಲೆಯಲ್ಲಿ, ಹಣೆಗೆ ಹೊರೆಯ ಪಟ್ಟಿ ಬಿಗಿದು ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ಒಬ್ಬ ಮನುಷ್ಯ.

ಜೊತೆಗಿದ್ದ ಚೀಟಿಯಲ್ಲಿ ಹಿಮನದಿಯ ಹೆಸರಿತ್ತು, ಫೋಟೊ ತೆಗೆದ ಸಾಹೇಬನ ಹೆಸರಿತ್ತು. ಇವನದಿರಲಿಲ್ಲ. 'ಚಿತ್ರದಲ್ಲಿರುವವರು' ಎಂಬ ಕಾಲಂನಲ್ಲಿ ಏನು ಬರೆಯಲಿ?

ಉಡುಪಿ ಕಡೆಯ ನಮ್ಮ ಮೇಲ್ವಿಚಾರಕರನ್ನು ಕೇಳಿದೆ.

"ಅವನು ಅಳತೆಗೆ ನಿಂತದ್ದು ಮಾರಾಯ್ತಿ. ಬರ್ಫ್ ಎಷ್ಟು ದೊಡ್ಡದು ಅಂತ ಊರಲ್ಲಿ ಕೂತು ನೋಡುವವರಿಗೆ ಗೊತ್ತಾಗ್ಬೇಕಲ್ಲ? ಆಗಿನ ಸಾಹೇಬರಿಗೆ ಬೇಕಾದದ್ದು ಮನುಷ್ಯರಿಲ್ಲದ ಹಿಮಾಲಯ. ಖಾಲಿ ಬಿಡು."

ಬಿಡಲು ಮನಸ್ಸಾಗಲಿಲ್ಲ. ಯಾಕೆಂದು ನನಗೂ ತಿಳಿಯಲಿಲ್ಲ. ಕದ್ದು ಮೊಬೈಲಿನಲ್ಲಿ ತೆಗೆದುಕೊಂಡು, ಟಿಟ್ವಾಳಾದ ಮನೆಯಲ್ಲಿ ಅಪ್ಪನಿಗೆ ತೋರಿಸಿದೆ. ಕಲಬುರಗಿಯಿಂದ ಬಂದ ಅಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವರು. ಹಿಮದ ಕಡೆ ನೋಡಲೇ ಇಲ್ಲ. ಬೆರಳಿಂದ ಆ ಮನುಷ್ಯನನ್ನು ದೊಡ್ಡದು ಮಾಡಿ, ಬಹಳ ಹೊತ್ತು ಅವನ ಮೊಣಕಾಲನ್ನೇ ನೋಡಿದರು.

"ಇಂವಾ ಗಾಜ ಹೊತ್ತಾನ ನೋಡವ್ವಾ. ಅಕ್ಕಿಚೀಲ ಹೊತ್ತಂವ ಹಿಂಗ ಮೊಣಕಾಲ ಬಿಗದು, ಉಸರ ಹಿಡದು ನಿಂದರೂದಿಲ್ಲ."

ನನಗೆ ದಿಗಿಲಾಯಿತು. ಆಗ ಫೋಟೊ ಮೂಡುತ್ತಿದ್ದದ್ದು ಗಾಜಿನ ಮೇಲೆಯೇ. ಹಾಗಾದರೆ ನಾನು ಕೈಯಲ್ಲಿ ಹಿಡಿದಿದ್ದ ಗಾಜನ್ನೂ ಇವನೇ ಹೊತ್ತು ಇಳಿಸಿದ್ದನೇ? ಅಥವಾ ಅಪ್ಪ ತಮ್ಮ ಬೆನ್ನನ್ನೇ ಅವನಲ್ಲಿ ಕಂಡರೋ?

ಮರುದಿನ ಬರೆದೆ: 'ಹೊರೆ ಹೊತ್ತ ವ್ಯಕ್ತಿ. ಪೆಟ್ಟಿಗೆಯಲ್ಲಿ ಬಹುಶಃ ಗಾಜಿನ ಫಲಕಗಳು.'

"ಗಾಜು ಅಂತ ಯಾರು ಹೇಳಿದ್ದು?" ಮೇಲ್ವಿಚಾರಕರು ಕೇಳಿದರು.

"ನಮ್ಮಪ್ಪ. ಹಮಾಲಿ ಮಾಡ್ತಿದ್ರು."

ಅವರು ನಗಲಿಲ್ಲ. ಎರಡನೆಯ ವಾಕ್ಯವನ್ನು ಅಳಿಸಿದರು. ಮೊದಲನೆಯದನ್ನು ಉಳಿಸಿದರು.

ಅಪ್ಪನಿಗೆ ಹೇಳಿದೆ. "ಅಂವನ ಹೆಸರ ಕೇಳಬೇಕಾಗಿತ್ತು," ಎಂದರು.

"ಯಾರನ್ನ ಕೇಳ್ಲಿ ಅಪ್ಪಾ?"

ಅಪ್ಪ ಮತ್ತೆ ಮೊಬೈಲು ತೆಗೆದುಕೊಂಡು ಆ ಮನುಷ್ಯನನ್ನು ದೊಡ್ಡದು ಮಾಡಿದರು. ಗಾಜಿನ ಆ ವಾಕ್ಯ ಅಳಿಸಿದ್ದು ಸರಿಯೋ ತಪ್ಪೋ, ನನಗಿನ್ನೂ ತೀರ್ಮಾನವಾಗಿಲ್ಲ.