ಚರ್ಮದೊಳಗಿನ ಹೊಳಪು

ಮಂಡಿಗೆ ಕೂರಿಸುವ ಲೋಹದ ಕೀಲುಗಳನ್ನು ನುಣುಪು ಮಾಡುವುದು ನರಸಾಪುರದ ಕಾರ್ಖಾನೆಯಲ್ಲಿ ನನ್ನ ಕೆಲಸ. ಕಬ್ಬಿಣದ ಪುಡಿಗೆ ಉಜ್ಜುವ ಪುಡಿ ಬೆರೆಸಿಟ್ಟರೆ, ಅಯಸ್ಕಾಂತ ಅದನ್ನು ಬ್ರಷ್ಷಿನ ಹಾಗೆ ನಿಲ್ಲಿಸಿ ಕೀಲಿನ ಉಬ್ಬುತಗ್ಗನ್ನೆಲ್ಲ ತಿಕ್ಕಿಸುತ್ತದೆ. ಕೊನೆಗೆ ಅದರಲ್ಲಿ ನನ್ನ ಮುಖ ಕಾಣುತ್ತದೆ.

ಗೌನಿಪಲ್ಲಿಯಲ್ಲಿರುವ ಅಮ್ಮನ ಮಂಡಿ ಸವೆದಾಗ ಅಂಥದೇ ಕೀಲು ಹಾಕಿಸಿದೆವು. ಆಸ್ಪತ್ರೆಯಲ್ಲೇ ಸಿಡುಕಿದಳು.

"ಅಷ್ಟು ಫಳಫಳ ಅಂತ ಉಜ್ಜಿ, ಚರ್ಮದೊಳಗಿಟ್ಟು ಹೊಲ್ದುಬಿಡ್ತೀರಲ್ಲೋ! ಯಾರಿಗೆ ಕಾಣ್ಬೇಕೋ ಅದು?"

"ನುಣ್ಣಗಿದ್ರೆ ಬೇಗ ಸವೆಯಲ್ಲಮ್ಮ, ಅದಕ್ಕೆ" ಎಂದು ನಾನೂ ರೇಗಿದೆ.

ಈ ಸಲ ಮಾವು ಕೀಳುವಾಗ ಇಬ್ಬರೂ ತೋಟಕ್ಕೆ ಹೊರಟೆವು. ಸೀರೆ ಎತ್ತಿ ಸಿಕ್ಕಿಸಿಕೊಂಡು ಅಮ್ಮ ಸರಸರನೆ ಮುಂದೆ ಹೋದಳು. "ಮೆಲ್ಲಗೆ ನಡಿಯಮ್ಮಾ!" ಎಂದು ಹಿಂದಿನಿಂದ ಕೂಗಿದೆ.

ಅವಳು ತಿರುಗಿಯೂ ನೋಡಲಿಲ್ಲ.

"ಬೇಗ ಬಾರೋ! ನಿನ್ನ ಮಂಡಿಗೇನು ಬಂತು ರೋಗ?"